24 ವೋಲ್ಟ್ ಸೆನ್ಸರ್, 3.3 ವೋಲ್ಟ್ ಬೋರ್ಡ್: ದಾಲ್ ಮಿಲ್ ಎಲಿವೇಟರ್ ಎಣಿಕೆ ತಪ್ಪಿದಾಗ ಎಲ್ಲಿಂದ ಹುಡುಕಬೇಕು

ಕಲಬುರಗಿಯಲ್ಲಿ ತೊಗರಿ ಸೀಸನ್ ಶುರುವಾದರೆ ದಾಲ್ ಮಿಲ್‌ಗಳ ಬಕೆಟ್ ಎಲಿವೇಟರ್‌ಗಳಿಗೆ ಬಿಡುವೇ ಇರುವುದಿಲ್ಲ. ಎಲಿವೇಟರ್ ಬುಡದಲ್ಲಿ ಮಾಲು ತುಂಬಿ ಜಾಮ್ ಆಯಿತು ಅಂದುಕೊಳ್ಳಿ. ಅಥವಾ ಬೆಲ್ಟ್ ಸಡಿಲಾಗಿ ಜಾರಿತು. ಮೇಲಿನ ಮೋಟರ್ ತಿರುಗುತ್ತಲೇ ಇರುತ್ತದೆ, ಬಕೆಟ್ ಮಾತ್ರ ಮೇಲೆ ಬರುವುದಿಲ್ಲ. ಪುಲ್ಲಿಗೆ ಬೆಲ್ಟ್ ಉಜ್ಜಿ ಬಿಸಿಯಾಗುತ್ತದೆ. ಸುತ್ತಲೂ ಒಣ ಹೊಟ್ಟಿನ ಧೂಳು. ಬೆಂಕಿ ಹತ್ತಲು ಇಷ್ಟು ಸಾಕು.

ಇದನ್ನು ಬೇಗ ಪತ್ತೆ ಮಾಡಲು ಕಡಿಮೆ ಖರ್ಚಿನ ದಾರಿ ಒಂದಿದೆ. ಕೆಳಗಿನ ಪುಲ್ಲಿಯ ಶಾಫ್ಟ್‌ಗೆ ಒಂದು ಬೋಲ್ಟ್ ಕೂರಿಸಿ, ಎದುರಿಗೆ ಪ್ರಾಕ್ಸಿಮಿಟಿ ಸೆನ್ಸರ್ (ಲೋಹ ಹತ್ತಿರ ಬಂದರೆ ಮುಟ್ಟದೇ ಗುರುತಿಸುವ ಸೆನ್ಸರ್) ಇಡುವುದು. ಬೋಲ್ಟ್ ಮುಂದೆ ಹಾದಾಗಲೆಲ್ಲ ಒಂದು ಪಲ್ಸ್ ಬರುತ್ತದೆ. ಇಎಸ್‌ಪಿ32 ಎಂಬ, ವೈಫೈ ಇರುವ ಪುಟ್ಟ ಪ್ರೋಗ್ರಾಂ ಬೋರ್ಡ್ ಅದನ್ನು ಎಣಿಸಿ, ವೇಗ ಕಮ್ಮಿಯಾದರೆ ಸೈರನ್ ಹೊಡೆಯುತ್ತದೆ. ಸೆನ್ಸರ್ ಕೆಳಗಿನ ಪುಲ್ಲಿಗೇ ಬೇಕು. ಮೇಲಿನದು ಮೋಟರ್ ಜೊತೆ ತಿರುಗುವುದರಿಂದ, ಬೆಲ್ಟ್ ಜಾರಿದರೂ ಅಲ್ಲಿ ಎಣಿಕೆ ಸರಿಯಾಗೇ ಬರುತ್ತದೆ.

ತೊಂದರೆ ಏನಂದರೆ, ಸೆನ್ಸರ್ 24 ವೋಲ್ಟ್‌ನದು. ಬೋರ್ಡಿನ ಪಿನ್ 3.3 ವೋಲ್ಟ್‌ನದು. ಇವೆರಡರ ನಡುವೆ ಏನೋ ತಪ್ಪಿದಾಗ ಬರುವ ಫೋನ್ ಹೀಗಿರುತ್ತದೆ: "ಸರ, ಎಲಿವೇಟರ್ ನಿಂತದ, ಆದ್ರ ಡಿಸ್‌ಪ್ಲೇದಾಗ ಓಡ್ಲಾಕತ್ತದ ಅಂತ ತೋರಸ್ತದ. ಬೋರ್ಡ್ ಸುಟ್ಟದೇನ್ರಿ?" ಹುಡುಗರು ಮೊದಲು ಲ್ಯಾಪ್‌ಟಾಪ್ ತೆಗೆದು ಪ್ರೋಗ್ರಾಂ ತಿದ್ದಲು ಕೂರುತ್ತಾರೆ. ನನ್ನ ಸಲಹೆ ಬೇರೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇರಲಿ, ಮಲ್ಟಿಮೀಟರ್ ಹೊರಗೆ ಬರಲಿ. ಇಂಥ ಕಡೆ ದೋಷ ಹೆಚ್ಚಾಗಿ ಪವರ್‌ನಲ್ಲಿ, ಗ್ರೌಂಡ್‌ನಲ್ಲಿ, ಇಲ್ಲವೇ ಸೆನ್ಸರ್‌ನ ಜಾತಿ ತಿಳಿಯದೇ ಮಾಡಿದ ವೈರಿಂಗ್‌ನಲ್ಲಿ ಇರುತ್ತದೆ. ಮೂರೂ ಮೀಟರಿಗೆ ಸಿಗುತ್ತವೆ.

ಕೈ ಹಾಕುವ ಮುಂಚೆ

ಪ್ಯಾನೆಲ್ ಒಳಗೆ 415 ವೋಲ್ಟ್ ಇರುತ್ತದೆ. ಪುಲ್ಲಿಗೆ ಕೈ ಸಿಕ್ಕರೆ ಕೈ ಹೋಗುತ್ತದೆ. ಶಾಫ್ಟ್ ಹತ್ತಿರ ಸೆನ್ಸರ್ ಮುಟ್ಟಬೇಕೆಂದರೆ ಆ ಎಲಿವೇಟರ್‌ನ ಐಸೊಲೇಟರ್ ಆಫ್ ಮಾಡಿಸಿ, ಬೀಗ ಹಾಕಿ. ಬೀಗ ಇಲ್ಲದಿದ್ದರೆ ಫ್ಯೂಸ್ ತೆಗೆಸಿ ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿ. "ನಾ ಇಲ್ಲೇ ನಿಂತೀನಿ, ಯಾರೂ ಹಚ್ಚಲ್ಲ" ಎಂಬ ಮಾತಿನ ಮೇಲೆ ಕೈ ಹಾಕಬೇಡಿ. ಮೋಟರ್ ಸ್ಟಾರ್ಟರ್ ಕಡೆಯ ಕೆಲಸವನ್ನು ಮಿಲ್‌ನ ಎಲೆಕ್ಟ್ರಿಷಿಯನ್ ಅಣ್ಣನಿಗೇ ಬಿಡಿ.

ಮೊದಲು ಮೂರು ವೋಲ್ಟೇಜ್

ಸಾಮಾನ್ಯ ವೈರಿಂಗ್ ಹೀಗಿರುತ್ತದೆ. ಪ್ಯಾನೆಲ್‌ನಲ್ಲಿ 24 ವೋಲ್ಟ್ ಎಸ್‌ಎಂಪಿಎಸ್, ಅಂದರೆ ಮೈನ್ಸ್ ಎಸಿಯನ್ನು ಡಿಸಿ ಮಾಡುವ ಸಪ್ಲೈ. ಅದರಿಂದ ಸೆನ್ಸರ್‌ಗೆ ನೇರ ಸಪ್ಲೈ. ಅದೇ 24 ವೋಲ್ಟ್ ಒಂದು ಬಕ್ ಮಾಡ್ಯೂಲ್‌ಗೆ ಹೋಗಿ 5 ವೋಲ್ಟ್ ಆಗುತ್ತದೆ. ಅದು ಬೋರ್ಡಿನ 5 ವೋಲ್ಟ್ ಪಿನ್‌ಗೆ ಬರುತ್ತದೆ. ಬೋರ್ಡಿನ ಮೇಲಿನ ಪುಟ್ಟ ರೆಗ್ಯುಲೇಟರ್ ಅದನ್ನು 3.3 ಮಾಡುತ್ತದೆ.

ಎಲ್ಲವೂ ಚಾಲೂ ಇರುವಾಗಲೇ ಈ ಮೂರನ್ನೂ ಅಳೆಯಿರಿ. ಲೋಡ್ ಇಲ್ಲದೆ ಅಳೆದರೆ ಸುಮ್ನೆ ಸಮಾಧಾನ, ಅಷ್ಟೇ. 5 ವೋಲ್ಟ್ ಅನ್ನು ಬಕ್ ಮಾಡ್ಯೂಲ್ ಹತ್ತಿರ ಅಳೆಯಬೇಡಿ, ಬೋರ್ಡಿನ ಪಿನ್ ಮೇಲೇ ಅಳೆಯಿರಿ. ಮಾಡ್ಯೂಲ್ ಹತ್ತಿರ 5.0 ಇದ್ದು ಬೋರ್ಡಿನಲ್ಲಿ 4.4 ಇದ್ದರೆ, ನಡುವಿನ ವೈರ್ ತೆಳುವಾಗಿದೆ ಅಥವಾ ಸ್ಕ್ರೂ ಸಡಿಲಾಗಿದೆ. ಬಹಳ ಬೋರ್ಡ್‌ಗಳಲ್ಲಿ ಇರುವ ಎಎಂಎಸ್1117 ರೆಗ್ಯುಲೇಟರ್‌ಗೆ, ಹೊರಗೆ ಕೊಡುವ ವೋಲ್ಟೇಜ್‌ಗಿಂತ ಸುಮಾರು 1.1 ವೋಲ್ಟ್ ಜಾಸ್ತಿ ಒಳಗೆ ಬೇಕು. ಕರೆಂಟ್ ಹೆಚ್ಚಾದರೆ 1.3 ತನಕ ಬೇಕಾಗಬಹುದು. 3.3ಕ್ಕೆ 1.1 ಕೂಡಿಸಿ: 4.4. ಅಂದರೆ ಆ ಬೋರ್ಡ್ ಅಂಚಿನ ಮೇಲೆ ನಿಂತಿದೆ. ವೈಫೈ ಆನ್ ಆದ ಕೂಡಲೇ ಬೀಳುತ್ತದೆ.

ವೈಫೈ ಸಂದೇಶ ಕಳಿಸುವ ಕ್ಷಣದಲ್ಲಿ ಇಎಸ್‌ಪಿ32 ಚಿಪ್ 200 ಮಿಲಿಆಂಪಿಯರ್‌ಗೂ ಮೇಲೆ ಎಳೆಯುತ್ತದೆ. ಹಾಗಾಗಿ ಸಪ್ಲೈಗೆ ಕನಿಷ್ಠ 500 ಮಿಲಿಆಂಪಿಯರ್ ಕೊಡುವ ತಾಕತ್ತು ಇರಬೇಕು ಅಂತ ಚಿಪ್ ತಯಾರಕರೇ ಹೇಳುತ್ತಾರೆ. ಮಲ್ಟಿಮೀಟರ್ ನಿಧಾನ. ಅದು ಸರಾಸರಿ ತೋರಿಸುತ್ತದೆ, ಕ್ಷಣದ ಕುಸಿತ ತೋರಿಸುವುದಿಲ್ಲ. ಆ ಕುಸಿತವನ್ನು ಬೋರ್ಡೇ ಹೇಳುತ್ತದೆ. ಬೋರ್ಡಿನ ಸಂದೇಶಗಳನ್ನು ಲ್ಯಾಪ್‌ಟಾಪ್‌ನಲ್ಲಿ ತೋರಿಸುವ ಸೀರಿಯಲ್ ಮಾನಿಟರ್‌ನಲ್ಲಿ "ಬ್ರೌನ್‌ಔಟ್ ಡಿಟೆಕ್ಟರ್ ವಾಸ್ ಟ್ರಿಗರ್ಡ್" ಎಂಬ ಸಾಲು ಬಂದರೆ ಪ್ರೋಗ್ರಾಂನಲ್ಲಿ ಹುಡುಕುವುದು ನಿಲ್ಲಿಸಿ. ಸಪ್ಲೈ ಕುಸಿದಿದೆ, ಅಷ್ಟೇ. ಆ ಡಿಟೆಕ್ಟರ್ ಅನ್ನೇ ಪ್ರೋಗ್ರಾಂನಲ್ಲಿ ಆಫ್ ಮಾಡುವ ಸಲಹೆ ಎಲ್ಲ ಕಡೆ ಸಿಗುತ್ತದೆ. ದಯವಿಟ್ಟು ಮಾಡಬೇಡಿ. ರೀಸೆಟ್ ನಿಂತಂತೆ ಕಾಣುತ್ತದೆ, ಆದರೆ ಬೋರ್ಡ್ ಅರೆಬರೆ ವೋಲ್ಟೇಜಿನಲ್ಲಿ ಏನು ಬೇಕಾದರೂ ಮಾಡಬಹುದು. ಬೆಂಕಿ ತಪ್ಪಿಸಲು ಇಟ್ಟ ಸಾಧನಕ್ಕೆ ಅದು ಸಲ್ಲದು.

ಕುಸಿತಕ್ಕೆ ಪರಿಹಾರ ಸರಳ. ದಪ್ಪ ಮತ್ತು ಗಿಡ್ಡ ವೈರ್ ಹಾಕಿ. ಬೋರ್ಡಿನ 5 ವೋಲ್ಟ್ ಮತ್ತು ಗ್ರೌಂಡ್ ಪಿನ್‌ಗೆ ಅಂಟಿಕೊಂಡಂತೆ 470 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಒಂದು, ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಒಂದು ಇರಲಿ. ಮೋಟರ್ ಶುರುವಾಗುವಾಗ ಮಾತ್ರ ರೀಸೆಟ್ ಆಗುತ್ತಿದ್ದರೆ ಎಸ್‌ಎಂಪಿಎಸ್‌ನ 24 ವೋಲ್ಟ್ ಆ ಹೊತ್ತಿಗೆ ಎಷ್ಟಕ್ಕೆ ಇಳಿಯುತ್ತದೆ ನೋಡಿ. ಮೀಟರ್‌ನಲ್ಲಿ ಅತಿ ಕಡಿಮೆ ರೀಡಿಂಗ್ ಹಿಡಿದಿಡುವ ಮಿನ್ ಬಟನ್ ಇದ್ದರೆ ಅದನ್ನು ಒತ್ತಿಡಿ.

ಇನ್ನೊಂದು ಮಾತು, ನಮ್ಮ ಭಾಗಕ್ಕೆ ಇದು ಮುಖ್ಯ. ಬಕ್ ಮಾಡ್ಯೂಲ್ ಉಳಿಸಲು ಹೋಗಿ ಬೋರ್ಡಿನ 5 ವೋಲ್ಟ್ ಪಿನ್‌ಗೆ ನೇರ 12 ವೋಲ್ಟ್ ಕೊಡುವವರಿದ್ದಾರೆ. ಎಎಂಎಸ್1117 ಸಹಿಸುವ ಮಿತಿ 15 ವೋಲ್ಟ್, ಹಾಗಾಗಿ ಮೊದಲ ದಿನ ಓಡುತ್ತದೆ. ಆದರೆ 12ರಿಂದ 3.3ಕ್ಕೆ ಇಳಿಸುವಾಗ ಉಳಿದ 8.7 ವೋಲ್ಟ್ ಪೂರ್ತಿ ಶಾಖವಾಗುತ್ತದೆ. ಬೋರ್ಡ್ ಸರಾಸರಿ 150 ಮಿಲಿಆಂಪಿಯರ್ ತೆಗೆದುಕೊಂಡರೂ 1.3 ವಾಟ್. ಹೀಟ್‌ಸಿಂಕ್ ಇಲ್ಲದ ಕಡಲೆಕಾಳಿನಷ್ಟು ಚಿಪ್‌ಗೆ ಅದು ಬಹಳ. ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ ದಾಟುವ ಊರಿದು. ತಗಡಿನ ಶೆಡ್ಡಿನ ಒಳಗೆ, ಮುಚ್ಚಿದ ಪ್ಯಾನೆಲ್‌ನಲ್ಲಿ ಇನ್ನೂ ಜಾಸ್ತಿ. ಬೆಳಿಗ್ಗೆ ಸರಿ ಇದ್ದು ಮಧ್ಯಾಹ್ನ ನಿಲ್ಲುವ, ಸಂಜೆ ತಾನೇ ಮತ್ತೆ ಶುರುವಾಗುವ ಬೋರ್ಡ್ ಕಂಡರೆ ಮೊದಲು ಈ ರೆಗ್ಯುಲೇಟರ್ ಎಷ್ಟು ಸುಡುತ್ತಿದೆ ನೋಡಿ. ಇನ್ನು 24 ವೋಲ್ಟ್ ಅನ್ನು ಅಲ್ಲಿಗೆ ಕೊಡುವ ಮಾತೇ ಇಲ್ಲ.

ಎಲ್‌ಎಂ2596 ಚಿಪ್ ಇರುವ ಬಕ್ ಮಾಡ್ಯೂಲ್ 40 ವೋಲ್ಟ್ ತನಕ ಒಳಗೆ ತೆಗೆದುಕೊಳ್ಳುತ್ತದೆ, 24ಕ್ಕೆ ಸರಿಹೋಗುತ್ತದೆ. ಹೊಸದನ್ನು ತಂದರೆ ಬೋರ್ಡ್ ಜೋಡಿಸುವ ಮುಂಚೆ ಔಟ್‌ಪುಟ್ ಅಳೆದು 5ಕ್ಕೆ ಇಳಿಸಿಕೊಳ್ಳಿ. ಅದರ ಮೇಲಿನ ಸ್ಕ್ರೂ ಬಹಳ ಸುತ್ತಿನದು. ಶುರುವಿನಲ್ಲಿ ಎಷ್ಟು ತಿರುಗಿಸಿದರೂ ಅಂಕಿ ಅಲುಗದೇ ಇರಬಹುದು, ಕೆಟ್ಟಿದೆ ಅಂತ ಬಿಸಾಕಬೇಡಿ. ಇಳಿಸಿದ ಮೇಲೆ ಸ್ಕ್ರೂ ಮೇಲೆ ಒಂದು ಹನಿ ನೇಲ್ ಪಾಲಿಷ್ ಹಚ್ಚಿ. ಮಿಲ್‌ನ ಅದುರಿಗೆ ಅದು ತಿರುಗಬಾರದು.

ಲ್ಯಾಪ್‌ಟಾಪ್‌ನಿಂದ ಯುಎಸ್‌ಬಿ ಹಾಕುವಾಗ ಹೊರಗಿನ 5 ವೋಲ್ಟ್ ತೆಗೆದಿಡಿ. ಎರಡೂ ಕಡೆಯಿಂದ ಪವರ್ ಬಂದರೆ ಒಂದು ಇನ್ನೊಂದರೊಳಗೆ ಹರಿಯುತ್ತದೆ. ತಡೆಯುವ ಡಯೋಡ್ ಎಲ್ಲ ಬೋರ್ಡಿನಲ್ಲೂ ಇರುವುದಿಲ್ಲ.

ಗ್ರೌಂಡ್

ಒಂದು ಕೈಯಿಂದ ಚಪ್ಪಾಳೆ ಆಗಲ್ಲ ಅಂತಾರಲ್ವಾ, ಸಿಗ್ನಲ್ ಕೂಡ ಹಾಗೇ. ಪಿನ್‌ಗೆ ಬಂದ ಒಂದೇ ವೈರ್ ಸಿಗ್ನಲ್ ಅಲ್ಲ. ಆ ವೈರ್‌ಗೂ ಬೋರ್ಡಿನ ಗ್ರೌಂಡ್‌ಗೂ ಇರುವ ವ್ಯತ್ಯಾಸವೇ ಸಿಗ್ನಲ್. ಬೋರ್ಡಿಗೆ ಮೊಬೈಲ್ ಚಾರ್ಜರ್, ಸೆನ್ಸರ್‌ಗೆ ಬೇರೆ ಎಸ್‌ಎಂಪಿಎಸ್ ಹಾಕಿ ಎರಡರ ಮೈನಸ್ ಜೋಡಿಸದೇ ಬಿಟ್ಟರೆ, ಪಿನ್ ನೋಡುವುದು ಗಾಳಿಯಲ್ಲಿ ತೇಲುವ ಅಂಕಿಯನ್ನು.

ಪತ್ತೆ ಹೀಗೆ. ಎರಡು ಸಪ್ಲೈಗಳ ಮೈನಸ್ ನಡುವೆ ಮೀಟರ್ ಇಡಿ. ಮೊದಲು ಡಿಸಿ, ಆಮೇಲೆ ಎಸಿ. ಕೂಡಿದ್ದರೆ ಎರಡೂ ಕಡೆ ಸೊನ್ನೆ ಬರುತ್ತದೆ. ಕೂಡದಿದ್ದರೆ ಡಿಸಿಯಲ್ಲಿ ಓಲಾಡುವ ಅಂಕಿ ಬರುತ್ತದೆ. ಎಸಿಯಲ್ಲಿ ಹತ್ತಾರು ವೋಲ್ಟ್ ಕಾಣಬಹುದು. ಎರಡು ಪಿನ್ನಿನ ಚಾರ್ಜರ್‌ಗಳ ಒಳಗಿನ ಸಣ್ಣ ಕೆಪ್ಯಾಸಿಟರ್ ಮೂಲಕ ಸೋರಿ ಬರುವ ವೋಲ್ಟೇಜ್ ಅದು. ಕೈಗೆ ಚುರುಕ್ ಅನ್ನುವುದೂ ಅದರಿಂದಲೇ. ಕರೆಂಟ್ ಬಹಳ ಕಮ್ಮಿ, ಆದರೂ ಪಿನ್ ಒಂದಕ್ಕೆ ತೊಂದರೆ ಕೊಡಲು ಸಾಕು. ಅದಕ್ಕೇ ಜೋಡಿಸುವಾಗ ಗ್ರೌಂಡ್ ಮೊದಲು, ಸಿಗ್ನಲ್ ಆಮೇಲೆ. ಬಿಚ್ಚುವಾಗ ಸಿಗ್ನಲ್ ಮೊದಲು, ಗ್ರೌಂಡ್ ಕೊನೆಗೆ.

ಮಿಲ್‌ನಲ್ಲಿ "ಗ್ರೌಂಡ್ ಕೊಟ್ಟೀವ್ರಿ" ಅಂದರೆ ಒಮ್ಮೊಮ್ಮೆ ಪ್ಯಾನೆಲ್ ಬಾಡಿಯ ಅರ್ತಿಂಗ್ ಅಂತ ಅರ್ಥ. ಅದು ಬೇರೆ, ಇದು ಬೇರೆ. ಇಲ್ಲಿ ಬೇಕಾಗಿರುವುದು ಎಸ್‌ಎಂಪಿಎಸ್‌ನ ಡಿಸಿ ಮೈನಸ್. ಬೋರ್ಡಿನ ಗ್ರೌಂಡನ್ನು ಬಾಡಿಗೆ ಕಟ್ಟಿ ಮುಗಿಸಿದ್ದರೆ ಬಿಚ್ಚಿ, ಎಸ್‌ಎಂಪಿಎಸ್ ಮೈನಸ್ ಟರ್ಮಿನಲ್‌ಗೆ ನೇರ ವೈರ್ ತನ್ನಿ.

ಸೆನ್ಸರ್ ಯಾವ ಜಾತಿಯದು?

ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು. ಮೂರು ವೈರ್‌ನ ಪ್ರಾಕ್ಸಿಮಿಟಿ ಸೆನ್ಸರ್‌ನಲ್ಲಿ ಕಂದು ವೈರ್ ಪ್ಲಸ್, ನೀಲಿ ಮೈನಸ್, ಕಪ್ಪು ಔಟ್‌ಪುಟ್. ಕಪ್ಪನ್ನು ಮೈನಸ್ ಅಂದುಕೊಳ್ಳುವುದು ಸುಲಭ, ಅದು ತಪ್ಪು. ಬಣ್ಣ ಸರಿಯಾದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಎನ್‌ಪಿಎನ್ ಅಥವಾ ಪಿಎನ್‌ಪಿ? ಕಬ್ಬಿಣ ಎದುರಿಗೆ ಬಂದಾಗ ಎನ್‌ಪಿಎನ್ ಸೆನ್ಸರ್ ಕಪ್ಪು ವೈರನ್ನು ಮೈನಸ್‌ಗೆ ಸೇರಿಸುತ್ತದೆ. ಪಿಎನ್‌ಪಿ ಅದನ್ನು ಪ್ಲಸ್‌ಗೆ ಸೇರಿಸುತ್ತದೆ. ಲೇಬಲ್ ಧೂಳು-ಗ್ರೀಸಿನಲ್ಲಿ ಅಳಿಸಿಹೋಗಿದ್ದರೆ ಮೀಟರನ್ನೇ ಕೇಳಬೇಕು.

ಕಪ್ಪು ವೈರನ್ನು ಬೋರ್ಡಿನಿಂದ ಪೂರ್ತಿ ಬಿಚ್ಚಿ. ಸೆನ್ಸರ್‌ಗೆ 24 ವೋಲ್ಟ್ ಕೊಡಿ. ಕಪ್ಪು ಮತ್ತು ನೀಲಿ ನಡುವೆ ಮೀಟರ್ ಇಟ್ಟು, ಒಂದು ಸ್ಪ್ಯಾನರ್ ಅನ್ನು ಸೆನ್ಸರ್ ಮುಖಕ್ಕೆ ಹಿಡಿದು ತೆಗೆದು ಮಾಡಿ. ಇಲ್ಲಿ ಒಂದು ಮೋಸ ಇದೆ. ಡಿಜಿಟಲ್ ಮೀಟರ್‌ನ ಒಳ ರೆಸಿಸ್ಟೆನ್ಸ್ ಸುಮಾರು 10 ಮೆಗಾ ಓಮ್. ಸೆನ್ಸರ್‌ನ ಟ್ರಾನ್ಸಿಸ್ಟರ್ ಆಫ್ ಇದ್ದರೂ ಸೋರುವ ಕೆಲವೇ ಮೈಕ್ರೋಆಂಪಿಯರ್ ಕರೆಂಟು ಇಷ್ಟು ದೊಡ್ಡ ರೆಸಿಸ್ಟೆನ್ಸ್ ಮೇಲೆ 15-20 ವೋಲ್ಟ್ ತೋರಿಸಬಹುದು. ಆ ಅಂಕಿಯನ್ನು ನಂಬಿ ಮುಂದೆ ಹೋಗಬೇಡಿ.

10 ಕಿಲೋ ಓಮ್ ರೆಸಿಸ್ಟರ್ ಒಂದನ್ನು ಕಪ್ಪು-ನೀಲಿ ನಡುವೆ ಹಾಕಿ, ಮತ್ತೆ ಅಳೆಯಿರಿ. ಸ್ಪ್ಯಾನರ್ ಹಿಡಿದಾಗ ಸುಮಾರು 23, ತೆಗೆದಾಗ ಸೊನ್ನೆ ಬಂದರೆ ಪಿಎನ್‌ಪಿ. ಹಿಡಿದರೂ ತೆಗೆದರೂ ಸೊನ್ನೆಯೇ ಇದ್ದರೆ ರೆಸಿಸ್ಟರನ್ನು ಕಂದು-ಕಪ್ಪು ನಡುವೆ ಹಾಕಿ, ಮೀಟರ್ ಕಪ್ಪು-ನೀಲಿಯ ನಡುವೆಯೇ ಇರಲಿ. ತೆಗೆದಾಗ 24, ಹಿಡಿದಾಗ ಒಂದು ವೋಲ್ಟ್ ಆಸುಪಾಸು ಬಂದರೆ ಎನ್‌ಪಿಎನ್, ಒಳಗೆ ಪುಲ್‌ಅಪ್ (ವೈರನ್ನು ಪ್ಲಸ್ ಕಡೆಗೆ ಎಳೆದಿಡುವ ರೆಸಿಸ್ಟರ್) ಇಲ್ಲದ್ದು. ಮೂರನೆಯದು ಗೊಂದಲದ ಜಾತಿ. ಕಪ್ಪು-ನೀಲಿ ನಡುವೆ 10 ಕಿಲೋ ಓಮ್ ಇದ್ದಾಗ, ಸ್ಪ್ಯಾನರ್ ಇಲ್ಲದೇ 12 ವೋಲ್ಟ್ ಆಸುಪಾಸು ಬಂದು, ಹಿಡಿದಾಗ ಕೆಳಗಿಳಿದರೆ, ಅದು ಎನ್‌ಪಿಎನ್ ಮತ್ತು ಅದರ ಒಳಗೇ ಸುಮಾರು 10 ಕಿಲೋ ಓಮ್ ಪುಲ್‌ಅಪ್ 24ಕ್ಕೆ ಕಟ್ಟಿದೆ. ಯಾವಾಗಲೂ ಮುಚ್ಚಿರುವ ಎನ್‌ಸಿ ಮಾದರಿಯಾದರೆ ಇವೆಲ್ಲ ತಲೆಕೆಳಗಾಗಿ ಬರುತ್ತವೆ, ಅಷ್ಟು ನೆನಪಿರಲಿ.

ಈ ಮೂರರಲ್ಲಿ ಯಾವುದು ಅಂತ ಗೊತ್ತಾದರೆ, ಅರ್ಧ ದೋಷಗಳು ಅಲ್ಲೇ ಬಿಡಿಸಿಕೊಳ್ಳುತ್ತವೆ.

ಪುಲ್‌ಅಪ್ ಇಲ್ಲದ ಎನ್‌ಪಿಎನ್‌ಗೆ ವೋಲ್ಟೇಜ್ ಡಿವೈಡರ್ (ಎರಡು ರೆಸಿಸ್ಟರ್‌ನಿಂದ ವೋಲ್ಟೇಜ್ ಹಂಚಿ ಇಳಿಸುವುದು) ಹಾಕಿದ್ದರೆ ಪಿನ್ ಯಾವಾಗಲೂ ಲೋ, ಅಂದರೆ ಸೊನ್ನೆಯ ಹತ್ತಿರ. ಆ ಸೆನ್ಸರ್ ವೋಲ್ಟೇಜ್ ಕೊಡುವುದೇ ಇಲ್ಲ, ಎಳೆದುಕೊಳ್ಳುತ್ತದೆ ಅಷ್ಟೇ. ಡಿವೈಡರ್‌ಗೆ ಹಂಚಲು ಏನೂ ಇರುವುದಿಲ್ಲ. ಅದಕ್ಕೆ ಬೇಕಾಗಿರುವುದು ಬೋರ್ಡಿನ 3.3ಕ್ಕೆ ಕಟ್ಟಿದ 10 ಕಿಲೋ ಓಮ್ ಪುಲ್‌ಅಪ್. ಆದರೆ ಇದೇ ಉಪಾಯವನ್ನು ಒಳಗೆ ಪುಲ್‌ಅಪ್ ಇರುವ ಸೆನ್ಸರ್‌ಗೆ ಮಾಡಿದರೆ, ಒಂದು ಕಡೆ 24, ಇನ್ನೊಂದು ಕಡೆ 3.3, ನಡುವೆ ಪಿನ್. ಪಿನ್ ಸಹಿಸುವ ಮಿತಿ 3.6 ವೋಲ್ಟ್. ಅದು ಸುಡುವುದು ಇಲ್ಲೇ. ಪಿಎನ್‌ಪಿಯನ್ನು ನೇರ ಜೋಡಿಸಿದರಂತೂ ಕೇಳುವುದೇ ಬೇಡ.

ಡಿವೈಡರ್ ಲೆಕ್ಕ ಎಲ್ಲಿ ತಪ್ಪುತ್ತದೆ

ಇಎಸ್‌ಪಿ32 ಪಿನ್ ಹೈ ಅಂತ ಖಚಿತವಾಗಿ ಓದಲು 3.3ರ ಮುಕ್ಕಾಲು ಭಾಗ ಬೇಕು, ಅಂದರೆ ಸುಮಾರು 2.5 ವೋಲ್ಟ್. ಲೋ ಅಂತ ಓದಲು ಕಾಲು ಭಾಗಕ್ಕಿಂತ ಕೆಳಗೆ, ಅಂದರೆ ಸುಮಾರು 0.8 ವೋಲ್ಟ್ ಒಳಗೆ ಇರಬೇಕು. ಮೇಲಿನ ಮಿತಿ 3.6. ಹೈಗೆ ಸಿಗುವ ಜಾಗ 2.5ರಿಂದ 3.6, ಎಷ್ಟು ಇಕ್ಕಟ್ಟು ನೋಡಿ.

ಪಿಎನ್‌ಪಿ ಸೆನ್ಸರ್‌ಗೆ ಮೇಲೆ 22 ಕಿಲೋ ಓಮ್, ಕೆಳಗೆ 3.3 ಕಿಲೋ ಓಮ್ ಹಾಕಿದರೆ 24ಕ್ಕೆ 3.13 ವೋಲ್ಟ್ ಬರುತ್ತದೆ. ಚೆನ್ನಾಗಿದೆ. ಆದರೆ ಎಸ್‌ಎಂಪಿಎಸ್‌ನ ಸ್ಕ್ರೂ ಯಾರೋ ತಿರುಗಿಸಿ 28 ಮಾಡಿದ್ದರೆ 3.65 ಆಗುತ್ತದೆ, ಮಿತಿ ಮೀರಿತು. ಹೆದರಿ ಮೇಲಿನದನ್ನು 27 ಕಿಲೋ ಓಮ್ ಮಾಡಿದರೆ 24ಕ್ಕೆ 2.61. ಸೆನ್ಸರ್ ಒಳಗೇ ಎರಡು ವೋಲ್ಟ್ ಕಳೆದರೆ 2.4ಕ್ಕೆ ಇಳಿಯುತ್ತದೆ, ಹೈ ಅಂತ ಓದುವ ಭರವಸೆ ಹೋಯಿತು. ಒಮ್ಮೆ ಎಣಿಸುತ್ತದೆ, ಒಮ್ಮೆ ಬಿಡುತ್ತದೆ. ಅದಕ್ಕೇ ಕಾಗದದ 24 ನಂಬದೇ, ನಿಮ್ಮ ಪ್ಯಾನೆಲ್‌ನ ನಿಜವಾದ ವೋಲ್ಟೇಜ್ ಅಳೆದು ಲೆಕ್ಕ ಹಾಕಿ ಅನ್ನುವುದು.

ಒಳ ಪುಲ್‌ಅಪ್ ಇರುವ ಎನ್‌ಪಿಎನ್‌ಗೆ ಇದೇ 22 ಮತ್ತು 3.3 ಹಾಕಿದರೆ ಪಿನ್‌ನಲ್ಲಿ 2.24 ಮಾತ್ರ ಬರುತ್ತದೆ. ಸೆನ್ಸರ್ ಒಳಗಿನ 10 ಕಿಲೋ ಓಮ್ ಕೂಡ ಮೇಲಿನ ರೆಸಿಸ್ಟರ್‌ಗೆ ಸೇರಿಕೊಂಡು ಒಟ್ಟು 32 ಆಗಿಬಿಡುತ್ತದೆ. ಲೆಕ್ಕ ಸರಿ, ಮೀಟರ್ ಬೇರೆ ಹೇಳುತ್ತದೆ ಅಂತ ತಲೆ ಕೆಡಿಸಿಕೊಳ್ಳುವವರಿಗೆ ಉತ್ತರ ಇದು. ಮೇಲಿನದನ್ನು 12 ಕಿಲೋ ಓಮ್ ಮಾಡಿದರೆ ಸರಿಯಾಗುತ್ತದೆ.

ಎರಡು ರೆಸಿಸ್ಟರ್ ಅದಲುಬದಲಾದರೆ ಪಿನ್‌ಗೆ ಸುಮಾರು 21 ವೋಲ್ಟ್ ಹೋಗುತ್ತದೆ. ಪಿನ್‌ಗೆ ಜೋಡಿಸುವ ಮುಂಚೆ ನಡುವಿನ ಬಿಂದುವನ್ನು ಅಳೆಯುವುದಕ್ಕೆ ಹತ್ತು ಸೆಕೆಂಡೂ ಬೇಡ. ಸೀಸನ್ ನಡುವೆ ಹೊಸ ಬೋರ್ಡ್ ಹೈದರಾಬಾದಿನಿಂದ ತರಿಸುವ ತನಕ ಎಲಿವೇಟರ್ ಕಾವಲಿಲ್ಲದೇ ಓಡಬೇಕಾಗುತ್ತದೆ.

ಮಿಲ್‌ಗೆ ನಾನು ಹೇಳುವುದು ಆಪ್ಟೋಕಪ್ಲರ್

ಮೇಜಿನ ಮೇಲೆ ಕಲಿಯಲು ಡಿವೈಡರ್ ಸಾಕು. ಮೋಟರ್‌ಗಳ ನಡುವೆ, ಉದ್ದ ವೈರ್‌ಗಳ ಜೊತೆ ವರ್ಷಗಟ್ಟಲೆ ನಡೆಯಬೇಕಾದರೆ ಪಿಸಿ817 ಎಂಬ ಆಪ್ಟೋಕಪ್ಲರ್ ಹಾಕಿ. ಕೆಲವೇ ರೂಪಾಯಿಯ ಭಾಗ. ಒಳಗೆ ಒಂದು ಎಲ್‌ಇಡಿ, ಎದುರಿಗೆ ಬೆಳಕಿಗೆ ಸ್ಪಂದಿಸುವ ಟ್ರಾನ್ಸಿಸ್ಟರ್. 24 ವೋಲ್ಟ್ ಎಲ್‌ಇಡಿ ಕಡೆಯೇ ಉಳಿಯುತ್ತದೆ, ಬೋರ್ಡಿಗೆ ಬೆಳಕು ಮಾತ್ರ ದಾಟುತ್ತದೆ.

ಎಲ್‌ಇಡಿಗೆ ಸರಣಿಯಲ್ಲಿ 4.7 ಕಿಲೋ ಓಮ್ ಹಾಕಿದರೆ ಸುಮಾರು 5 ಮಿಲಿಆಂಪಿಯರ್ ಹರಿಯುತ್ತದೆ. ಶಾಖ 0.11 ವಾಟ್, ಕಾಲು ವಾಟಿನ ರೆಸಿಸ್ಟರ್ ಸಾಕು. ಎನ್‌ಪಿಎನ್ ಆದರೆ 24ರಿಂದ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಪ್ಲಸ್ ಕಾಲು, ಮೈನಸ್ ಕಾಲು ಕಪ್ಪು ವೈರ್‌ಗೆ. ಪಿಎನ್‌ಪಿ ಆದರೆ ಕಪ್ಪಿನಿಂದ ರೆಸಿಸ್ಟರ್, ಎಲ್‌ಇಡಿ, ಕೊನೆಗೆ ನೀಲಿ. ಬೋರ್ಡಿನ ಕಡೆ ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಪಿನ್‌ಗೆ, ಎಮಿಟರ್ ಗ್ರೌಂಡ್‌ಗೆ, ಪಿನ್‌ನಿಂದ 3.3ಕ್ಕೆ 10 ಕಿಲೋ ಓಮ್. ಸೆನ್ಸರ್ ಕಬ್ಬಿಣ ಕಂಡಾಗ ಪಿನ್ ಲೋ ಆಗುತ್ತದೆ, ಅದನ್ನು ಪ್ರೋಗ್ರಾಂನಲ್ಲಿ ನೆನಪಿಟ್ಟರೆ ಆಯಿತು. ಎಲ್‌ಇಡಿಗೆ ಉಲ್ಟಾ ವೋಲ್ಟೇಜ್ 6ಕ್ಕಿಂತ ಜಾಸ್ತಿ ತಡೆಯುವ ಶಕ್ತಿ ಇಲ್ಲ. ಅದರ ಎರಡು ಕಾಲುಗಳ ನಡುವೆ ಉಲ್ಟಾ ದಿಕ್ಕಿಗೆ 1ಎನ್4148 ಡಯೋಡ್ ಕಟ್ಟಿ. ವೈರ್ ತಪ್ಪು ಹಾಕಿದರೂ ಉಳಿಯುತ್ತದೆ.

ಇದರಿಂದ ಇನ್ನೊಂದು ಸೂಕ್ಷ್ಮ ದೋಷವೂ ಹೋಗುತ್ತದೆ. ಕೆಲವು ಎನ್‌ಪಿಎನ್ ಸೆನ್ಸರ್‌ಗಳ ಔಟ್‌ಪುಟ್‌ನಲ್ಲಿ ರಕ್ಷಣೆಗೆ ಡಯೋಡ್ ಇರುತ್ತದೆ. ಹಾಗಾಗಿ ಅವು ಲೋ ಕೊಟ್ಟಾಗಲೂ 0.8-1 ವೋಲ್ಟ್ ಉಳಿದಿರುತ್ತದೆ. 3.3ಕ್ಕೆ ಪುಲ್‌ಅಪ್ ಮಾಡಿ ನೇರ ಓದುವವರಿಗೆ ಇದು ಹೈ ಅಲ್ಲ, ಲೋ ಅಲ್ಲ. ಚಳಿಯಲ್ಲಿ ಒಂದು ತರ, ಬಿಸಿಲಲ್ಲಿ ಒಂದು ತರ. ಆಪ್ಟೋಕಪ್ಲರ್ ಎಲ್‌ಇಡಿಗೆ 24ರಲ್ಲಿ ಒಂದು ವೋಲ್ಟ್ ಕಳೆದರೆ ಏನೂ ಆಗದು.

ಆಪ್ಟೋ ಹಾಕಿದರೆ ಗ್ರೌಂಡ್ ಜೋಡಿಸಬೇಕೋ ಬೇಡವೋ ಅಂತ ಬಹಳ ಜನ ಕೇಳುತ್ತಾರೆ. ಬೋರ್ಡಿಗೆ ಪ್ರತ್ಯೇಕ 5 ವೋಲ್ಟ್ ಅಡಾಪ್ಟರ್ ಇದ್ದರೆ ಬೇಡ, ಜೋಡಿಸದೇ ಇರುವುದೇ ಒಳ್ಳೆಯದು. ಎಲ್‌ಎಂ2596ನಿಂದ ಅದೇ 24 ವೋಲ್ಟ್ ಇಳಿಸಿ ತಂದಿದ್ದರೆ, ಆ ಮಾಡ್ಯೂಲ್ ಒಳಗೇ ಎರಡೂ ಮೈನಸ್ ಕೂಡಿವೆ. ಪಿನ್‌ಗೆ ರಕ್ಷಣೆ ಸಿಗುತ್ತದೆ, ಪೂರ್ತಿ ಬೇರ್ಪಡೆ ಸಿಗುವುದಿಲ್ಲ.

ಎಣಿಕೆ ಜಾಸ್ತಿ ಬಂದರೆ

ನಿಂತ ಎಲಿವೇಟರ್‌ಗೆ ನಿಮಿಷಕ್ಕೆ 3000 ಆಸುಪಾಸು ಪಲ್ಸ್ ತೋರಿಸುತ್ತಿದೆಯಾ? ಅದನ್ನು 60ರಿಂದ ಭಾಗಿಸಿ. ಸೆಕೆಂಡಿಗೆ 50. ನಮ್ಮ ಮನೆ-ಮಿಲ್‌ಗಳ ಕರೆಂಟಿನ ಫ್ರೀಕ್ವೆನ್ಸಿ ಅದೇ. ಪಲ್ಸ್‌ನ ಏರುವ, ಇಳಿಯುವ ಎರಡೂ ಅಂಚು ಎಣಿಸುವ ಪ್ರೋಗ್ರಾಂ ಆದರೆ 6000 ತೋರಿಸುತ್ತದೆ. ಪಿನ್ ಎಲ್ಲಿಗೂ ಕಟ್ಟಿಲ್ಲ, ಪಕ್ಕದ ಮೋಟರ್ ಕೇಬಲ್‌ನ ಗುನುಗನ್ನೇ ಎಣಿಸುತ್ತಿದೆ ಅಂತ ಅರ್ಥ. ವೈರ್ ತುಂಡಾಗಿದೆಯಾ, ಗ್ರೌಂಡ್ ಬಿಟ್ಟಿದೆಯಾ, ಪುಲ್‌ಅಪ್ ಇದೆಯಾ ನೋಡಿ. ಇಎಸ್‌ಪಿ32ನ 34ರಿಂದ 39ರ ತನಕದ ಪಿನ್‌ಗಳಿಗೆ ಒಳ ಪುಲ್‌ಅಪ್ ಇಲ್ಲವೇ ಇಲ್ಲ. ಪ್ರೋಗ್ರಾಂನಲ್ಲಿ ಪುಲ್‌ಅಪ್ ಅಂತ ಬರೆದರೂ ಏನೂ ಆಗುವುದಿಲ್ಲ, ದೋಷ ಅಂತ ಸೂಚನೆಯೂ ಬರುವುದಿಲ್ಲ. ಫೋನಿನಲ್ಲಿ "ನಿಂತದ, ಆದ್ರ ಓಡ್ಲಾಕತ್ತದ" ಅಂದಾಗ ನಾನು ಮೊದಲು ಕೇಳುವುದು ಯಾವ ಪಿನ್ ಅಂತ.

50ಕ್ಕೆ ಸಂಬಂಧ ಇಲ್ಲದೇ, ಮೋಟರ್ ಆನ್-ಆಫ್ ಆದಾಗ ಮಾತ್ರ ನಾಲ್ಕಾರು ಹೆಚ್ಚು ಎಣಿಸಿದರೆ ಅದು ಕಾಂಟ್ಯಾಕ್ಟರ್ (ಮೋಟರ್ ಆನ್-ಆಫ್ ಮಾಡುವ ದೊಡ್ಡ ಸ್ವಿಚ್) ಕಾಯಿಲ್‌ನ ಕಿಡಿ. ಆ ಕಿಡಿಯನ್ನು ಹೀರಿಕೊಳ್ಳುವ, ಕಾಯಿಲ್ ವೋಲ್ಟೇಜಿಗೆ ತಕ್ಕ ಸ್ನಬರ್ ಅನ್ನು ಕಾಯಿಲ್ ಎರಡು ತುದಿಗೆ ಹಾಕಿಸಿ. ಡಿಸಿ ರಿಲೇ ಆದರೆ 1ಎನ್4007 ಡಯೋಡ್ ಉಲ್ಟಾ ಹಾಕಿದರೆ ಸಾಕು. ಸೆನ್ಸರ್ ವೈರ್ ಮೋಟರ್ ಕೇಬಲ್ ಇರುವ ಪೈಪಿನಲ್ಲೇ ಬಂದಿದ್ದರೆ ಬೇರೆ ದಾರಿಯಲ್ಲಿ ತನ್ನಿ. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಲಿ, ಜೊತೆಜೊತೆ ಓಡುವುದು ಬೇಡ. ಶೀಲ್ಡ್ ಕೇಬಲ್ ಆದರೆ ಶೀಲ್ಡನ್ನು ಪ್ಯಾನೆಲ್ ತುದಿಗೆ ಮಾತ್ರ ಕಟ್ಟಿ.

ಇವೆಲ್ಲ ಆದ ಮೇಲೆ ಪ್ರೋಗ್ರಾಂಗೆ ಬನ್ನಿ. ಪುಲ್ಲಿ ಸೆಕೆಂಡಿಗೆ ಎರಡು ಸುತ್ತಿಗಿಂತ ಜಾಸ್ತಿ ತಿರುಗುವುದಿಲ್ಲ ಅಂತಾದರೆ, ಒಂದು ಪಲ್ಸ್ ಆದ 100 ಮಿಲಿಸೆಕೆಂಡ್ ಒಳಗೆ ಬಂದ ಇನ್ನೊಂದನ್ನು ಬಿಟ್ಟುಬಿಡಲಿ. ಇದನ್ನು ಮೊದಲೇ ಮಾಡಬೇಡಿ. ವೈರಿಂಗ್‌ನ ದೋಷ ಕಣ್ಣಿಗೆ ಕಾಣದಂತೆ ಮುಚ್ಚಿಹೋಗುತ್ತದೆ.

ಎಣಿಕೆ ಕಮ್ಮಿ ಬಂದರೆ

ಸೆನ್ಸರ್ ಹಿಂಭಾಗದ ಲೈಟ್ ನೋಡಿ. ಬೋಲ್ಟ್ ಹಾದಾಗ ಮಿನುಗದಿದ್ದರೆ ದೂರ ಜಾಸ್ತಿಯಾಗಿದೆ. 4 ಮಿಲಿಮೀಟರ್ ಅಂತ ಬರೆದ ಸೆನ್ಸರ್ ಎಲ್ಲ ಸ್ಥಿತಿಯಲ್ಲೂ ಖಚಿತವಾಗಿ ಹಿಡಿಯುವುದು ಅದರ 81 ಶೇಕಡಾ ದೂರದ ತನಕ, ಅಂದರೆ ಸುಮಾರು 3.2. ಎರಡೂವರೆಗೆ ಇಡಿ. ಆ ಅಳತೆಯೂ ಸಾದಾ ಕಬ್ಬಿಣಕ್ಕೆ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್‌ಗೆ ಕಮ್ಮಿ, ಅಲ್ಯೂಮಿನಿಯಂಗೆ ಅರ್ಧಕ್ಕೂ ಕಮ್ಮಿ. ಹೊಟ್ಟಿನ ಧೂಳು ಕೂತರೆ ಈ ಸೆನ್ಸರ್‌ಗೆ ಏನೂ ತೊಂದರೆ ಇಲ್ಲ, ಅದು ಲೋಹವನ್ನಷ್ಟೇ ನೋಡುತ್ತದೆ. ಅದುರಿಗೆ ನಟ್ ಸಡಿಲಾಗಿ ಹಿಂದೆ ಸರಿಯುವುದೇ ದೊಡ್ಡ ಕಾಟ. ಎರಡೂ ನಟ್ ಬಿಗಿ ಮಾಡಿ, ಮಾರ್ಕರ್‌ನಿಂದ ಗೆರೆ ಎಳೆದಿಡಿ.

ಲೈಟ್ ಮಿನುಗಿದರೂ ಕಪ್ಪು ವೈರ್‌ನಲ್ಲಿ ಬದಲಾವಣೆ ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟಿದೆ. ಅದಕ್ಕೆ ರಿಪೇರಿ ಇಲ್ಲ, ಸೆನ್ಸರ್ ಬದಲಿಸಿ. ಬದಲಿಸುವಾಗ ಹಳೆಯದು ಎನ್‌ಪಿಎನ್ ಇದ್ದು ಅಂಗಡಿಯವರು ಪಿಎನ್‌ಪಿ ಕೊಟ್ಟಿದ್ದರೆ ಮೇಲಿನ ಕಥೆ ಪೂರ್ತಿ ಮತ್ತೆ ಶುರು.

ಪಿನ್ ಸತ್ತಿದೆಯಾ ಅಂತ ತಿಳಿಯುವುದು

ಎಲ್ಲ ವೈರ್ ಬಿಚ್ಚಿ. ಪವರ್ ಆಫ್ ಮಾಡಿ, 3.3 ಮತ್ತು ಗ್ರೌಂಡ್ ನಡುವೆ ಓಮ್ ಅಳೆಯಿರಿ. ಕೆಲವೇ ಓಮ್ ಬಂದರೆ ಚಿಪ್ ಒಳಗೆ ಶಾರ್ಟ್ ಆಗಿರುವ ಸಾಧ್ಯತೆ ಬಹಳ, ಆ ಬೋರ್ಡನ್ನು ಮರೆತುಬಿಡಿ. ಸರಿ ಇದ್ದರೆ ಯುಎಸ್‌ಬಿಯಿಂದ ಪವರ್ ಕೊಟ್ಟು, ಪಿನ್ ಅನ್ನು 1 ಕಿಲೋ ಓಮ್ ಮೂಲಕ ಒಮ್ಮೆ 3.3ಕ್ಕೆ, ಒಮ್ಮೆ ಗ್ರೌಂಡ್‌ಗೆ ಮುಟ್ಟಿಸಿ ಓದಿ. ಬದಲಾಗದಿದ್ದರೆ ಆ ಪಿನ್ ಹೋಗಿದೆ. ಬೇರೆ ಪಿನ್‌ಗೆ ಬದಲಿಸಿ ಓಡಿಸಬಹುದು. ಒಮ್ಮೆ 24 ತಿಂದ ಬೋರ್ಡನ್ನು ಮನೆಯ ಪ್ರಯೋಗಕ್ಕೆ ಇಟ್ಟುಕೊಳ್ಳಿ, ಮಿಲ್‌ನಲ್ಲಿ ಮತ್ತೆ ಹಾಕಬೇಡಿ ಎಂಬುದು ನನ್ನ ಅಭಿಪ್ರಾಯ.

ಪಲ್ಸ್ ಬದಲು 4ರಿಂದ 20 ಮಿಲಿಆಂಪಿಯರ್ ಕೊಡುವ ಲೆವೆಲ್ ಟ್ರಾನ್ಸ್‌ಮಿಟರ್ (ಟ್ಯಾಂಕ್ ಎಷ್ಟು ತುಂಬಿದೆ ಅಂತ ಹೇಳುವ ಸಾಧನ) ಇದ್ದರೂ ಇದೇ ಕ್ರಮ. ಅದಕ್ಕೆ 120 ಓಮ್ ರೆಸಿಸ್ಟರ್ ಹಾಕಿದರೆ 0.48ರಿಂದ 2.4 ವೋಲ್ಟ್ ಸಿಗುತ್ತದೆ, ಇಎಸ್‌ಪಿ32 ಚೆನ್ನಾಗಿ ಓದುವ ವ್ಯಾಪ್ತಿ ಅದು. ಸೊನ್ನೆ ಬಂದರೆ ಟ್ಯಾಂಕ್ ಖಾಲಿ ಅಲ್ಲ, ವೈರ್ ತುಂಡು. ವೈಫೈ ಆನ್ ಆದ ಮೇಲೆ ಓದುವುದೇ ನಿಂತರೆ ಎಡಿಸಿ2ರ (ಚಿಪ್‌ನಲ್ಲಿ ವೋಲ್ಟೇಜ್ ಓದುವ ಎರಡು ಭಾಗಗಳಲ್ಲಿ ಎರಡನೆಯದರ) ಪಿನ್ ಹಾಕಿದ್ದೀರಿ. 32ರಿಂದ 39ರ ಒಳಗಿನ ಪಿನ್‌ಗೆ ಬದಲಿಸಿ.

ಸರಿಯಾದ ಮೇಲೆ ಪರೀಕ್ಷೆ

ಡಿಸ್‌ಪ್ಲೇಯಲ್ಲಿ ಸರಿಯಾದ ಅಂಕಿ ಬಂತು ಅಂತ ಹೊರಡಬೇಡಿ. ಕೆಳಗಿನ ಪುಲ್ಲಿಯ ಸುತ್ತನ್ನು ಮೊಬೈಲ್ ಗಡಿಯಾರ ಹಿಡಿದು ಒಂದು ನಿಮಿಷ ಕಣ್ಣಿನಿಂದ ಎಣಿಸಿ, ಬೋರ್ಡಿನ ಅಂಕಿಗೆ ಹೋಲಿಸಿ. ಆಮೇಲೆ ಎಲಿವೇಟರ್ ಖಾಲಿ ಓಡುತ್ತಿರುವಾಗ ಪ್ಯಾನೆಲ್‌ನಲ್ಲಿ ಕಪ್ಪು ವೈರ್ ಬಿಚ್ಚಿ. ಸೈರನ್ ಹೊಡೆಯಬೇಕು. ಕಂದು ವೈರ್ ಬಿಚ್ಚಿದರೂ ಹೊಡೆಯಬೇಕು. ಕೊನೆಗೆ ಬೋರ್ಡಿನ ಪವರ್ರೇ ತೆಗೆಯಿರಿ. ಆಗ ಮೋಟರ್ ತಾನೇ ನಿಲ್ಲುವಂತೆ ರಿಲೇ ಕಟ್ಟಿರಬೇಕು: ಬೋರ್ಡ್ ಜೀವಂತ ಇದ್ದಾಗ ರಿಲೇ ಎಳೆದಿರಬೇಕು, ಸತ್ತರೆ ಬಿಡಬೇಕು. ಮೋಟರ್ ಓಡುತ್ತಲೇ ಇದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಆ ರಿಲೇ ಕಾಂಟ್ಯಾಕ್ಟ್ ಅನ್ನು ಸ್ಟಾರ್ಟರ್‌ನ ಸ್ಟಾಪ್ ಬಟನ್ ಜೊತೆ ಸರಣಿಯಲ್ಲಿ ಹಾಕಿಸಿ, ಮತ್ತೆ ಮೂರೂ ಪರೀಕ್ಷೆ ಮಾಡಿ. ಆಮೇಲೆ ಪ್ಯಾನೆಲ್ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿ: ಸೆನ್ಸರ್ ಎನ್‌ಪಿಎನ್ ಅಥವಾ ಪಿಎನ್‌ಪಿ, ಅಳೆದ ಮೂರು ವೋಲ್ಟೇಜ್, ಪಿನ್ ಸಂಖ್ಯೆ, ತಾರೀಕು.